ಚಾರ್ಲಿವುಡ್: ರೈಲು, ಉಳಿಕೆ ಜಾಗ ಮತ್ತು ಹಸಿರು ಪಟ್ಟಿ

ಮೊದಲು ಪದದ ತೊಡಕು. 'ಕಮ್ಯೂಟರ್ ವಿಲೇಜ್' ಎಂಬುದಕ್ಕೆ 'ಹಳ್ಳಿ' ಎಂದು ಬರೆದುಕೊಂಡರೆ ಹೊಲ, ಕಣ, ಕೊಟ್ಟಿಗೆ ಕಣ್ಣಮುಂದೆ ಬಂದುಬಿಡುತ್ತವೆ. ಅದನ್ನು ಮರೆಯಿರಿ. ಇಲ್ಲಿ ದುಡಿಮೆ ಲಂಡನ್ನಿನಲ್ಲಿ, ಮನೆ ಮಾತ್ರ ಊರಿನಲ್ಲಿ. ಹರ್ಟ್‌ಫರ್ಡ್‌ಶೈರ್‌ನ ಚಾರ್ಲಿವುಡ್ ಇದಕ್ಕೆ ಒಳ್ಳೆಯ ಮಾದರಿ. ಲಂಡನ್ನಿನ ವಾಯವ್ಯಕ್ಕೆ ಸುಮಾರು 30 ಕಿ.ಮೀ., ಜನಸಂಖ್ಯೆ 11 ಸಾವಿರದ ಆಸುಪಾಸು. 1913ರಿಂದ 1974ರವರೆಗೆ ಕಾಗದದಲ್ಲಿ ಅದು 'ಅರ್ಬನ್ ಡಿಸ್ಟ್ರಿಕ್ಟ್', ಅಂದರೆ ಪಟ್ಟಣದ ಆಡಳಿತ ಘಟಕ. ಜನರ ಬಾಯಲ್ಲಿ ಮಾತ್ರ ಆಗಲೂ ವಿಲೇಜ್, ಈಗಲೂ ವಿಲೇಜ್. ಹಾಗಾಗಿ ತಲೆ ಎಣಿಸಿ ವಿಲೇಜ್ ಹೌದೋ ಅಲ್ಲವೋ ತೀರ್ಮಾನಿಸಲು ಹೋಗಬೇಡಿ.

ರೈಲಿಗೆ ಮುಂಚಿನದು ಚಿಕ್ಕ ಕಥೆ: ಸುಣ್ಣಕಲ್ಲಿನ ಗುಡ್ಡ, ಚೆಸ್ ನದಿಯ ಕಣಿವೆ, ಚದುರಿದ ತೋಟದ ಮನೆಗಳು, ಸುಮಾರು 200 ಎಕರೆ ಗೋಮಾಳದಂಥ 'ಕಾಮನ್'. ಪೆನ್ಸಿಲ್ವೇನಿಯಾ ಕಟ್ಟಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಪೆನ್ ಮದುವೆಯಾದದ್ದು ಇಲ್ಲೇ, 1672ರಲ್ಲಿ.

ಲಂಡನ್ನಿನ ರೈಲು ಕಂಪನಿ ಮೆಟ್ರೊಪಾಲಿಟನ್ ರೈಲ್ವೆ 1887ರಲ್ಲಿ ರಿಕ್‌ಮನ್ಸ್‌ವರ್ತ್‌ಗೆ, 1889ರ ಜುಲೈನಲ್ಲಿ ಚಾರ್ಲಿವುಡ್ ದಾಟಿ ಚೆಶಮ್‌ಗೆ ಬಂತು. ಇಲ್ಲಿಯವರೆಗೆ ಸುಲಭ. ರೈಲ್ವೆ ಕಂಪನಿ ಮನೆ ಕಟ್ಟುವ ಕೆಲಸಕ್ಕೆ ಹೇಗೆ ಇಳಿಯಿತು ಎಂಬಲ್ಲಿಯೇ ಬಹಳ ಮಂದಿ ಎಡವುವುದು. ಬಿಡಿಸಿ ನೋಡೋಣ.

ಹಳಿಗೆ ಬೇಕಾದದ್ದು ಕಿರಿದಾದ ಪಟ್ಟಿ. ಆದರೆ ಹೊಲವನ್ನು ಸೀಳಿ ಮಧ್ಯದ್ದನ್ನಷ್ಟೇ ಕೊಡಲು ಮಾಲೀಕ ಒಪ್ಪದಿದ್ದರೆ ಇಡೀ ಹೊಲವನ್ನೇ ಕೊಳ್ಳಬೇಕಾಗುತ್ತಿತ್ತು. ಹೀಗೆ ಮಿಕ್ಕಿದ್ದೇ 'ಉಳಿಕೆ ಜಾಗ'. ಸಾಮಾನ್ಯ ನಿಯಮವಿದ್ದದ್ದು 1845ರ ಲ್ಯಾಂಡ್ಸ್ ಕ್ಲಾಜಸ್ ಕಾಯಿದೆಯಲ್ಲಿ: ಕಾಮಗಾರಿಯ ಗಡುವು ಮುಗಿದ ಮೇಲೆ ಹತ್ತು ವರ್ಷದೊಳಗೆ ಉಳಿಕೆಯನ್ನು ಮಾರಬೇಕು, ಇಲ್ಲವಾದರೆ ಅದು ಪಕ್ಕದ ಜಮೀನಿನವರ ಪಾಲು. ಭೂಸ್ವಾಧೀನದ ಅಧಿಕಾರ ಹಿಡಿದುಕೊಂಡು ಕಂಪನಿಗಳು ನಿವೇಶನ ವ್ಯಾಪಾರಕ್ಕೆ ಕೂರಬಾರದು ಎಂಬುದು ಇದರ ಉದ್ದೇಶ. ಮೆಟ್ರೊಪಾಲಿಟನ್ ಸಂಸತ್ತಿನಲ್ಲಿ ತನಗೆಂದೇ ಮಾಡಿಸಿಕೊಂಡ ಖಾಸಗಿ ಕಾಯಿದೆಗಳ ಮೂಲಕ ಈ ನಿಯಮದಿಂದ ವಿನಾಯಿತಿ ಪಡೆದು, ಉಳಿಕೆಯನ್ನು ಕೈಯಲ್ಲೇ ಇಟ್ಟುಕೊಂಡು ಮನೆ ಕಟ್ಟಲು ಬಳಸಿತು.

ಗಮನಿಸಿ, ವಿನಾಯಿತಿ ಇದ್ದದ್ದು ಉಳಿಕೆಗೆ. ಮನೆ ಕಟ್ಟಲೆಂದೇ ಹೊಸ ಜಮೀನು ಕೊಳ್ಳುವುದು ಬೇರೆ ಮಾತು. ಅದಕ್ಕೆ ರೈಲ್ವೆ ಕಂಪನಿಗೆ ಅಧಿಕಾರವಿದೆಯೇ ಎಂಬ ಕಾನೂನಿನ ಅನುಮಾನವಿತ್ತು. ಅದಕ್ಕೇ 1919ರಲ್ಲಿ ಮೆಟ್ರೊಪಾಲಿಟನ್ ರೈಲ್ವೆ ಕಂಟ್ರಿ ಎಸ್ಟೇಟ್ಸ್ ಎಂಬ ಪ್ರತ್ಯೇಕ ಕಂಪನಿ ಹುಟ್ಟಿತು. ರಿಕ್‌ಮನ್ಸ್‌ವರ್ತ್–ಚಾರ್ಲಿವುಡ್ ಕಡೆಯ ಸೀಡರ್ಸ್ ಎಸ್ಟೇಟ್ ಅದರದ್ದು. ರೈಲ್ವೆ, ಎಸ್ಟೇಟ್ ಕಂಪನಿ ಎರಡನ್ನೂ ಒಂದೇ ಎಂದು ಬರೆದರೆ 1933ರಲ್ಲಿ ಸಿಕ್ಕಿಬೀಳುತ್ತೀರಿ: ಆ ವರ್ಷ ರೈಲ್ವೆ ಸಾರ್ವಜನಿಕ ಸಂಸ್ಥೆಯಾದ ಲಂಡನ್ ಪ್ಯಾಸೆಂಜರ್ ಟ್ರಾನ್ಸ್‌ಪೋರ್ಟ್ ಬೋರ್ಡಿಗೆ ಸೇರಿತು, ಎಸ್ಟೇಟ್ ಕಂಪನಿ ಸೇರಲಿಲ್ಲ. ನೆನಪಿಗೆ ಸೂತ್ರ: ಉಳಿದದ್ದು ರೈಲ್ವೆಯದು, ಕೊಂಡದ್ದು ಎಸ್ಟೇಟಿನದು. 'ಮೆಟ್ರೊಲ್ಯಾಂಡ್' ಇವೆರಡಕ್ಕಿಂತ ಬೇರೆ. 1915ರಲ್ಲಿ ರೈಲ್ವೆಯ ಜಾಹೀರಾತು ವಿಭಾಗ ಇಡೀ ಸೀಮೆಗೆ ಇಟ್ಟ ಹೆಸರಷ್ಟೇ ಅದು, ಆಡಳಿತದ ಗಡಿಯಲ್ಲ.

ಇಷ್ಟೆಲ್ಲ ಮನೆ ಎದ್ದರೂ ಊರು ಲಂಡನ್ನಿಗೆ ಅಂಟಿಕೊಳ್ಳಲಿಲ್ಲ, ಹಸಿರು ಪಟ್ಟಿಯಿಂದ, ಅಂದರೆ ನಗರ ಹಬ್ಬದಂತೆ ಸುತ್ತ ಕಟ್ಟಡವಿಲ್ಲದೆ ಉಳಿಸಿದ ಬಯಲಿನಿಂದ. 1938ರ ಕಾಯಿದೆ ಜಾಗವನ್ನು ಕೊಂಡು ಕಾಪಾಡಿತು, ಹಣ ಇದ್ದಷ್ಟೇ ಅದರ ಬಲ. 1947ರ ಯೋಜನಾ ಕಾಯಿದೆ ಬಂದಮೇಲೆ ಕೊಳ್ಳುವ ಅಗತ್ಯವೇ ಇಲ್ಲ, ಕಟ್ಟಲು ಅನುಮತಿ ನಿರಾಕರಿಸಿದರೆ ಸಾಕು. 1955ರ ಸರ್ಕಾರಿ ಸುತ್ತೋಲೆ ಹಸಿರು ಪಟ್ಟಿಯನ್ನು ಲಂಡನ್ನಿನಾಚೆಗೂ ಹಬ್ಬಿಸಿತು. ಮನೆ ಹೆಚ್ಚದೆ ಬೇಡಿಕೆ ಹೆಚ್ಚಿದರೆ ಬೆಲೆ ಏರಲೇಬೇಕು. ಇಂಥ ಊರುಗಳು ಉಳ್ಳವರ ಪಾಲಾದದ್ದರಲ್ಲಿ ಸೊಗಸಿಗಿಂತ ಈ ಅನುಮತಿ ನಿರಾಕರಣೆಯ ಕೈವಾಡವೇ ದೊಡ್ಡದು.

ವಿದ್ಯುತ್ ರೈಲು ತಡ: 1925ರಿಂದ ರಿಕ್‌ಮನ್ಸ್‌ವರ್ತ್‌ನಲ್ಲಿ ವಿದ್ಯುತ್ ಎಂಜಿನ್ ಬದಲಿಸಿ, ಮುಂದಕ್ಕೆ ಉಗಿಬಂಡಿ. ಈ ಎಂಜಿನ್ ಬದಲಾಟ ಮುಗಿದದ್ದು 1961ರಲ್ಲಿ. ಅದೇ ವರ್ಷ ಇಲ್ಲಿನ ಬೇಕರಿ ಸಂಶೋಧನಾ ಕೇಂದ್ರದಿಂದ ಹೊರಬಂದದ್ದು ಹಿಟ್ಟನ್ನು ಕೆಲವೇ ನಿಮಿಷ ರಭಸದಿಂದ ನಾದುವ 'ಚಾರ್ಲಿವುಡ್' ಬ್ರೆಡ್ ವಿಧಾನ. ಊರಿನ ಹೆಸರು ಲೋಕದ ಬ್ರೆಡ್ಡಿಗೆ ಅಂಟಿದ್ದು ಹೀಗೆ. ರೈಲಿಗೂ ಇದಕ್ಕೂ ಸಂಬಂಧ ಹುಡುಕಬೇಡಿ.

ನಕ್ಷೆ ಬಿಡಿಸುವಾಗ ಊರಿಗೆ ಒಂದೇ ನಡುವನ್ನು ಗುರುತಿಸಬೇಡಿ. ಚರ್ಚು ಕಾಮನ್ ಅಂಚಿನಲ್ಲಿ, ಹೆದ್ದಾರಿಯ ಪಕ್ಕ. ಅಂಗಡಿಸಾಲು ಕಾಮನ್‌ನ ಆಚೆ, ಸ್ಟೇಷನ್ನಿನ ಬಳಿ. ಎರಡರ ನಡುವಿನ ಹುಲ್ಲನ್ನು ಖಾಲಿಯಾಗಿಯೇ ಬಿಡಿ.