ಡೌನ್‌ಲೋಡ್ ನಿಧಾನವೇ? ಲೈನಿನವರನ್ನು ಕರೆಯುವ ಮೊದಲು ಡಿಸ್ಕ್ ನೋಡಿ

"ಅಣ್ಣ, ಯೂಟ್ಯೂಬ್ ಲಾಯ್ಕಲ್ಲಿ ಓಡ್ತದೆ. ಗೇಮ್ ಮಾತ್ರ ಇಳಿಯುದೇ ಇಲ್ಲ. ಲೈನ್ ಹಾಳಾಗಿದೆಯಾ?"

ಪೆರ್ಲದ ಹತ್ತಿರದ ಹುಡುಗನೊಬ್ಬನ ಫೋನ್. ಇಂಥ ಕರೆ ಬಂದಾಗ ನಾನು ಮೊದಲು ಕೇಳುವುದು ಪ್ಲಾನ್ ಎಷ್ಟರದ್ದು ಅಂತ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 40 ಮೆಗಾಬಿಟ್. ಗೇಮ್ ಇಳಿಸುವ ಆ್ಯಪ್ ತೋರಿಸುವುದು ಹೆಚ್ಚಾಗಿ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಅಂತ. 8 ಬಿಟ್‌ಗೆ 1 ಬೈಟ್. ಹಾಗಾಗಿ ಆ್ಯಪ್‌ನಲ್ಲಿ 5 ಕಂಡರೆ ಲೈನ್ ಪೂರ್ತಿ ಕೊಡುತ್ತಿದೆ ಎಂದೇ ಅರ್ಥ. ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಈ ಹುಡುಗನಿಗೆ ಆ್ಯಪ್‌ನಲ್ಲಿ ಒಂದೂವರೆ ಬರುತ್ತಿತ್ತು, ನಡುನಡುವೆ ಸೊನ್ನೆ. ಮನೆಗೇ ಹೋದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಕಂಪ್ಯೂಟರಿನ ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಇಬ್ಬರೂ ಸುಮ್ನೆ ನೋಡುತ್ತಾ ಕುಳಿತೆವು. ನೆಟ್‌ವರ್ಕ್ ಗೆರೆ ಸೊನ್ನೆಗೆ ಬಿದ್ದಾಗಲೆಲ್ಲ ಡಿಸ್ಕ್ 100%. ಹಳೆಯ ಹಾರ್ಡ್ ಡಿಸ್ಕ್, ಕಿವಿಗೊಟ್ಟರೆ ಕರಕರ ಸದ್ದು.

ಗೇಮ್ ಬರುವುದು ಒತ್ತಿ ಕಟ್ಟಿದ ಮೂಟೆಯ ಹಾಗೆ. ಆ್ಯಪ್ ಅದನ್ನು ಬಿಚ್ಚಿ ಡಿಸ್ಕ್‌ಗೆ ಬರೆಯಬೇಕು. ಬರೆದು ಮುಗಿಯದಿದ್ದರೆ ಮುಂದಿನ ಮೂಟೆ ತರಿಸುವುದಿಲ್ಲ. ಮೇಲಿಂದ ಆಂಟಿವೈರಸ್ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ಯೂಟ್ಯೂಬ್‌ಗೆ ಈ ರಗಳೆ ಇಲ್ಲ, ಅದಕ್ಕೇ ಅದು ಸರಾಗ. ಡೌನ್‌ಲೋಡ್ ಫೋಲ್ಡರನ್ನು ಎಸ್‌ಎಸ್‌ಡಿಗೆ, ಅಂದರೆ ಹಾರ್ಡ್ ಡಿಸ್ಕ್‌ಗಿಂತ ಬೇಗ ಬರೆಯುವ ಡಿಸ್ಕ್‌ಗೆ, ಬದಲಿಸಿದೆವು. ನಾಲ್ಕೂಮುಕ್ಕಾಲಕ್ಕೆ ಏರಿತು. ದಯವಿಟ್ಟು ಸ್ಪೀಡ್‌ಗಾಗಿ ಆಂಟಿವೈರಸ್ಸನ್ನೇ ಆಫ್ ಮಾಡಿ ಇಡಬೇಡಿ.

ಡಿಸ್ಕ್ ಆರಾಮವಾಗಿದ್ದರೆ ಆ್ಯಪ್‌ನ ಸೆಟ್ಟಿಂಗ್ಸ್ ನೋಡಿ. ಯಾವಾಗಲೋ ಹಾಕಿದ ಸ್ಪೀಡ್ ಮಿತಿ ಹಾಗೇ ಉಳಿದಿರುತ್ತದೆ. ಸ್ಟೀಮ್‌ನಂಥ ಗೇಮ್ ಆ್ಯಪ್‌ನಲ್ಲಿ ಡೌನ್‌ಲೋಡ್ ರೀಜನ್, ಅಂದರೆ ಗೇಮ್ ಯಾವ ಊರಿನ ಸರ್ವರಿನಿಂದ ಬರಬೇಕೆಂಬ ಆಯ್ಕೆ, ದೂರದ ದೇಶಕ್ಕೆ ಹೋಗಿದ್ದರೆ ಹತ್ತಿರದ್ದಕ್ಕೆ ತನ್ನಿ.

ಆಮೇಲೆ ವೈಫೈ. ನಮ್ಮ ಕಾಸರಗೋಡು ಕಡೆಯ ಹಳೆಯ ಮನೆಗಳದ್ದು ದಪ್ಪ ಕೆಂಪುಕಲ್ಲಿನ ಗೋಡೆ. ರೂಟರ್ ಚಾವಡಿಯಲ್ಲಿ, ಕಂಪ್ಯೂಟರ್ ಮಾಳಿಗೆಯಲ್ಲಿ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಗೋಡೆ ದಾಟುವಾಗ ಸೋಲುತ್ತದೆ. 2.4 ಗಿಗಾಹರ್ಟ್ಸಿನದ್ದು ಮಾಳಿಗೆಯವರೆಗೆ ಬರುತ್ತದೆ, ವೇಗ ಕಡಿಮೆ. ಒಮ್ಮೆ ಕೇಬಲ್ ಸಿಕ್ಕಿಸಿ ನೋಡಿದರೆ ಗೊತ್ತಾಗುತ್ತದಲ್ವಾ?

ಕೇಬಲ್ ಹಾಕಿದರೂ, ಬ್ರೌಸರ್‌ನಲ್ಲಿ ಇಳಿಸಿದರೂ ಅಷ್ಟೇ ನಿಧಾನ ಅಂದರೆ ಲೈನಿನವರಿಗೆ ಫೋನ್ ಮಾಡಿ. ಬೆಳಿಗ್ಗೆ ಎಷ್ಟು ಬಂತು, ರಾತ್ರಿ 9ಕ್ಕೆ ಎಷ್ಟು ಬಂತು ಎಂದು ಬರೆದಿಟ್ಟು ಹೇಳಿ. ಬರೀ "ಸ್ಲೋ ಉಂಟು" ಅಂದರೆ ಎಲ್ಲಿಂದ ಹುಡುಕುವುದೆಂದು ಅವರಿಗೂ ತಿಳಿಯುವುದಿಲ್ಲ.