‘ಅಡ್ಡಿಲ್ಲ’ ಅಂದರೆ ಅರ್ಥವಾಯಿತು ಅಂತಲ್ಲ

ನಮ್ಮ ಅಂಗಡಿಗೆ ಕೆಲಸಕ್ಕೆ ಸೇರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: ‘ಸರ್, ಹಿಂದಿ ಚೊಲೋ ಬರಲೇಬೇಕಾ?’ ಕಾರವಾರದಲ್ಲಿ ಮೆಡಿಕಲ್ ಶಾಪ್ ಇಟ್ಟವನಿಗೆ ಭಾಷೆ ಬೇಕು, ಸುಳ್ಳಲ್ಲ. ಬೈತಖೋಲದ ಬೋಟಿನವರು, ಸದಾಶಿವಗಡದ ಕೊಂಕಣಿ ಅಮ್ಮಂದಿರು, ಅರಗಾ ನೌಕಾನೆಲೆಯ ಹಿಂದಿ, ಮಲಯಾಳಿ ಸಂಸಾರಗಳು, ಜಿಲ್ಲಾಸ್ಪತ್ರೆಗೆ ತೋರಿಸಲು ಬಂದ ಅಂಕೋಲೆಯ ಹಾಲಕ್ಕಿ ಅಜ್ಜಿಯರು, ಎಲ್ಲರೂ ಒಂದೇ ಕೌಂಟರಿಗೆ ಮೊಣಕೈ ಊರುತ್ತಾರೆ. ಆದರೆ ನನಗೆ ತಲೆ ಕೆಡುವುದು ಭಾಷೆ ಬಾರದ ಹುಡುಗನಿಂದಲ್ಲ. ನಾಲ್ಕು ಭಾಷೆಯಲ್ಲಿ ಪಟಪಟ ಹೇಳಿ, ನಾಲ್ಕರಲ್ಲೂ ‘ಅರ್ಥ ಆಯ್ತಾ?’ ಎಂದು ಕೇಳಿ, ಎದುರಿನವರು ತಲೆ ಆಡಿಸಿದ ಕೂಡಲೇ ಮುಂದಿನ ಚೀಟಿ ಎತ್ತಿಕೊಳ್ಳುತ್ತಾನಲ್ಲ, ಅವನಿಂದ.

‘ಅರ್ಥ ಆಯ್ತಾ?’ ಎನ್ನುವುದು ಪ್ರಶ್ನೆಯೇ ಅಲ್ಲ. ಅದಕ್ಕೆ ‘ಇಲ್ಲ’ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹಿಂದೆ ಐದು ಜನ ನಿಂತಿದ್ದಾರೆ, ಕೌಂಟರಿನ ಆಚೆ ಓದಿದವನಿದ್ದಾನೆ, ಬಸ್ಸು ಹೊರಡುವ ಹೊತ್ತಾಗಿದೆ. ಅದೂ ನಮ್ಮ ಜಿಲ್ಲೆಯಲ್ಲಿ ಮುಖದ ಮೇಲೆ ‘ಇಲ್ಲ’ ಎನ್ನುವುದು ಮರ್ಯಾದೆಯೇ ಅಲ್ಲ. ಕೊಡಲು ಮನಸ್ಸಿಲ್ಲದಿದ್ದರೆ ‘ನೋಡ್ವ’ ಅನ್ನುತ್ತೇವೆ. ಊಟ ರುಚಿಯಾಗಿದ್ದರೂ ‘ಅಡ್ಡಿಲ್ಲ’, ಸುಮಾರಾಗಿದ್ದರೂ ‘ಅಡ್ಡಿಲ್ಲ’. ನಾನು ಶಿರಸಿ ಕಡೆಯವನು, ಅಲ್ಲಿ ಇದೇ ‘ಅಡ್ಡಿಲ್ಲೆ’. ಮೈಸೂರು ಕಡೆಯಿಂದ ಹೊಸದಾಗಿ ಬಂದ ಡಾಕ್ಟರೊಬ್ಬರು ‘ನೋವು ಹೇಗಿದೆ ಅಂದ್ರೆ ಅಡ್ಡಿ ಇಲ್ಲ ಅಂತಾರಲ್ರೀ, ಯಾವುದಕ್ಕೆ ಅಡ್ಡಿ?’ ಎಂದು ನನ್ನನ್ನು ಕೇಳಿದ್ದರು. ಅದನ್ನು ವಿವರಿಸಲು ಒಂದು ಚಾ ಮುಗಿಯಿತು.

ಈ ಪಾಠ ನನಗೂ ಪುಕ್ಕಟೆ ಸಿಗಲಿಲ್ಲ. ಬಹಳ ವರ್ಷಗಳ ಹಿಂದೆ ಉಬ್ಬಸದ ಅಜ್ಜಿಯೊಬ್ಬರಿಗೆ ರೋಟಾಕ್ಯಾಪ್ ಕೊಟ್ಟೆ. ನೋಡಲು ಥೇಟ್ ನುಂಗುವ ಕ್ಯಾಪ್ಸೂಲು. ಆದರೆ ಅದನ್ನು ರೋಟಾಹೇಲರ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆಗೆ ಹಾಕಿ, ಒಳಗಿನ ಪುಡಿಯನ್ನು ಬಾಯಿಂದ ಎಳೆದುಕೊಳ್ಳಬೇಕು. ಎಲ್ಲ ಹೇಳಿದೆ. ‘ಅರ್ಥ ಆಯ್ತಾ ಅಜ್ಜಿ?’ ‘ಆಯ್ತ್ರಾ ಒಡ್ಯಾ.’ ತಿಂಗಳ ಮೇಲೆ ಮತ್ತೆ ಬಂದು ‘ಮಾತ್ರೆ ನುಂಗಿ ನುಂಗಿ ಸಾಕಾಯ್ತು, ದಮ್ಮು ಕಮ್ಮಿ ಆಗ್ಲಿಲ್ಲ’ ಎಂದರು. ಆ ಕೊಳವೆ ಎಲ್ಲಿ ಎಂದರೆ, ಪೀಪಿ ಎಂದು ಮೊಮ್ಮಗನಿಗೆ ಆಡಲು ಕೊಟ್ಟಿದ್ದರಂತೆ. ಅಜ್ಜಿ ಓದಿಲ್ಲ, ಹಾಗಾಗಿ ಹೀಗಾಯಿತು ಎಂದು ಯಾರೂ ನಗಬೇಡಿ. ಥೈರಾಯಿಡ್ ಮಾತ್ರೆಯನ್ನು ‘ಖಾಲಿ ಹೊಟ್ಟೆಯಲ್ಲಿ’ ತೆಗೆದುಕೊಳ್ಳುವ ಎಂಜಿನಿಯರುಗಳು ದಿನಾ ಬರುತ್ತಾರೆ. ಏನಾದರೂ ತಿಂದಿರಾ ಎಂದರೆ ಏನೂ ಇಲ್ಲ, ಚಾ ಮಾತ್ರ! ನಮ್ಮಲ್ಲಿ ಚಾ ಹೊಟ್ಟೆಯ ಲೆಕ್ಕಕ್ಕೇ ಬರುವುದಿಲ್ಲ. ಥೈರಾಕ್ಸಿನ್ ಎಂಬ ಆ ಥೈರಾಯಿಡ್ ಮಾತ್ರೆಗೆ ಮಾತ್ರ ಬರುತ್ತದೆ: ಚಾ, ಕಾಫಿ ಜೊತೆಗೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಚೀಟಿಯಲ್ಲಿ 1-0-1 ಎಂದಿರುತ್ತದೆ. ಹುಡುಗ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎನ್ನುತ್ತಾನೆ. ಯಾರ ಬೆಳಿಗ್ಗೆ? ನಸುಕಿಗೆ ಮುಂಚೆ ಕಡಲಿಗಿಳಿದವನಿಗೆ ದಡಕ್ಕೆ ಬಂದು ಮೀನು ಇಳಿಸಿದ ಮೇಲೆ ಬೆಳಗು. ಕೊಂಕಣಿ ಮನೆಯಲ್ಲಿ ಹತ್ತು ಹತ್ತೂವರೆಗೆ ಪೇಜ, ಅಂದರೆ ಗಂಜಿ. ಶಿರಸಿಯವನಿಗೆ ಅಷ್ಟರೊಳಗೆ ಆಸ್ರಿ, ಅಂದರೆ ಬೆಳಗಿನ ತಿಂಡಿ, ಮುಗಿದು ತೋಟದ ಕೆಲಸ ಅರ್ಧ ಆಗಿರುತ್ತದೆ. ‘ತಿಂಡಿಯ ನಂತರ’ ಎಂದರೆ ಮೂವರಿಗೂ ಮೂರು ಗಳಿಗೆ. ರಮಜಾನಿನಲ್ಲಿ ಭಟ್ಕಳದ ಕಡೆಯ ಗಿರಾಕಿಗಳಿಗೆ ದಿನವೇ ತಿರುಗಿ ಬೀಳುತ್ತದೆ: ಸಹರಿಗೆ ಒಂದು, ಇಫ್ತಾರಿಗೆ ಒಂದು. ಇಲ್ಲಿ ನಾನು ಬಾಯಿ ಬಿಗಿ ಹಿಡಿಯುತ್ತೇನೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಗ್ಲಿಮೆಪಿರೈಡ್‌ನಂಥವು, ಉಪವಾಸದ ಹೊತ್ತಿನಲ್ಲಿ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದು. ಹೊತ್ತು ಬದಲಿಸುವುದು, ಡೋಸು ಇಳಿಸುವುದು ಔಷಧ ಅಂಗಡಿಯವನ ಕೆಲಸವಲ್ಲ; ತಿಂಗಳು ಶುರುವಾಗುವ ಮೊದಲೇ ಡಾಕ್ಟರನ್ನು ಕಾಣಬೇಕು. ಆದರೆ ‘ಉಪವಾಸ ಹಿಡಿತೀರಾ?’ ಎಂದು ಕೇಳುವುದು ನನ್ನ ಕೆಲಸ.

ಭಾಷೆ ಬಂದರೂ ಎಡವುತ್ತೇವೆ. ನಮ್ಮ ಹುಡುಗನ ಮನೆಮಾತು ಕೊಂಕಣಿ. ಅವನಿಗೆ ‘ಕಾಲ್’ ಎಂದರೆ ನಿನ್ನೆ, ನಾಳೆಗೆ ‘ಫಾಲ್ಯಾಂ’ ಇದೆ. ಹಿಂದಿಯ ‘ಕಲ್’ ಎರಡೂ ಹೌದು. ನೌಕಾಪಡೆಯವರ ಮನೆಯಾಕೆ ‘ಕಲ್ ಸೇ ದವಾ ಬಂದ್’ ಎಂದರು, ಡಾಕ್ಟರು ಹೇಳಿದಂತೆ ನಾಳೆಯಿಂದ ಎಂಬ ಅರ್ಥದಲ್ಲಿ. ನಿನ್ನೆಯೇ ಯಾಕೆ ಬಿಟ್ಟಿರಿ ಎಂದು ಇವನು ಬಯ್ಯಲು ಶುರುಮಾಡಿದ.

ಹಾಗಾದರೆ ಏನು ಮಾಡಬೇಕು? ಹೇಳಿದ್ದನ್ನು ಅವರ ಬಾಯಿಂದ ವಾಪಸ್ ಹೇಳಿಸಬೇಕು. ಇಷ್ಟೇ. ಇಷ್ಟನ್ನು ಎಷ್ಟು ಸಲ ಹೇಳಿದರೂ ಹುಡುಗರು ಮಗ್ಗಿ ಒಪ್ಪಿಸುವಂತೆ ‘ಈಗ ನೀವ್ ಹೇಳಿ’ ಎನ್ನುತ್ತಾರೆ. ಎಪ್ಪತ್ತು ವರ್ಷದ ಹಿರಿಯರಿಗೆ ಪರೀಕ್ಷೆ ಇಟ್ಟಂತಾಯಿತು. ದೊಡ್ಡ ಹುದ್ದೆಯವರಾದರೆ ಮುಖ ಕೆಂಪಾಗುತ್ತದೆ. ತಪ್ಪನ್ನು ನಮ್ಮ ಮೇಲೆ ಹಾಕಿಕೊಳ್ಳಬೇಕು: ‘ನಾನು ಅವಸರದಲ್ಲಿ ಹೇಳಿದೆ, ಏನಾದ್ರೂ ಬಿಟ್ಟೆನೋ ಏನೋ. ಮನೆಗೆ ಹೋಗಿ ಇದನ್ನ ಹೇಗೆ ತಗೊಳ್ತೀರಿ?’ ಅಥವಾ ‘ಮಗಳು ಕೇಳಿದ್ರೆ ಏನು ಹೇಳ್ತೀರಿ?’ ಆಗ ಅವರೇ ಹೇಳತೊಡಗುತ್ತಾರೆ, ಅವರ ಮನೆಯ ಹೊತ್ತು, ಅವರ ಮನೆಯ ಊಟ, ಅವರ ಹೆದರಿಕೆ ಎಲ್ಲ ಅದರ ಜೊತೆಗೇ ಹೊರಗೆ ಬರುತ್ತದೆ. ‘ಈ ಮಾತ್ರೆ ಉಷ್ಣ, ಎರಡು ದಿನ ತಗೊಂಡು ಬಿಡ್ತೆ’ ಎಂದರೆ ನಗಬಾರದು. ನಕ್ಕರೆ ಮತ್ತೆ ‘ಅಡ್ಡಿಲ್ಲ’ಕ್ಕೆ ಮರಳುತ್ತಾರೆ, ಆ್ಯಂಟಿಬಯಾಟಿಕ್ ಅರ್ಧಕ್ಕೆ ನಿಲ್ಲುತ್ತದೆ. ಉಷ್ಣ ಅನ್ನಿಸಿದರೆ ನೀರು ಜಾಸ್ತಿ ಕುಡೀರಿ, ಆದರೆ ಡಾಕ್ಟರು ಬರೆದಷ್ಟು ದಿನವೂ ಮಾತ್ರೆ ಬಿಡಬೇಡಿ ಎನ್ನುತ್ತೇನೆ. ಮೈಮೇಲೆ ದದ್ದು, ಉಸಿರಿನ ತೊಂದರೆ ಕಂಡರೆ ಮಾತೇ ಬೇರೆ, ನೇರ ಆಸ್ಪತ್ರೆಗೆ.

ಮೊನ್ನೆ ನಮ್ಮ ಹುಡುಗ ಕೊನೆಗೂ ಇದನ್ನು ಮಾಡಿದ. ಕೋಡಿಬಾಗದ ಕಡೆಯ ಹಿರಿಯರೊಬ್ಬರಿಗೆ ಥೈರಾಯಿಡ್ ಮಾತ್ರೆ. ಕೊಂಕಣಿಯಲ್ಲೇ ಹೇಳಿ, ಮನೆಗೆ ಹೋಗಿ ಹೇಗೆ ತಗೊಳ್ತೀರಿ ಎಂದು ಕೇಳಿದ. ಅವರು ಕನ್ನಡಕದ ಮೇಲಿಂದ ಅವನನ್ನು ನೋಡಿ ‘ವಿಸರಲೋಯ್ ತುಂ?’ ಎಂದರು. ಇಷ್ಟು ಬೇಗ ಮರೆತೆಯಾ ಎಂದು! ಆಮೇಲೆ ಪಾಪ, ಹುಡುಗನಿಗೇ ಕಲಿಸುವವರ ಹಾಗೆ ಬೆರಳು ಮಡಚುತ್ತಾ ಒಂದೊಂದೇ ಹೇಳಿದರು: ಎದ್ದ ಕೂಡಲೇ ಬಾಯಿ ತೊಳೆಯುವುದು, ಚಾ ಕುಡಿಯುವುದು, ಅರ್ಧ ಗಂಟೆ ಬಿಟ್ಟು ಮಾತ್ರೆ.