ಮಗು ಸಣ್ಣಗಿರೋದು ವಂಶದ್ದು ಅಲ್ವಾ?

ಸಕಲೇಶಪುರ ಕಡೆಯ ತಾಯಿಯೊಬ್ಬರ ಪ್ರಶ್ನೆ: "ಮಗಳಿಗೆ ಒಂದೂವರೆ ವರ್ಷ. ಚೆನ್ನಾಗಿ ಆಡ್ತಾಳೆ, ಓಡ್ತಾಳೆ. ಆದ್ರೆ ಅಂಗನವಾಡಿ ಟೀಚರ್ ತಾಯಿ ಕಾರ್ಡ್ ನೋಡಿ ತೂಕ ಹಳದಿಗೆ ಬಿದ್ದಿದೆ ಅಂದ್ರು. ನಮ್ಮನೇಲಿ ಎಲ್ಲರೂ ಸಣ್ಣಗೇ ಇರೋದು. ವಂಶದ್ದು ಅಂತ ಬಿಡಬಹುದಾ?"

ಬಿಡಬೇಡಿ.

ವಂಶದ ಪಾಲು ಇಲ್ಲವೇ ಇಲ್ಲ ಅಂತಲ್ಲ, ಆದರೆ ಐದು ವರ್ಷದೊಳಗೆ ಊಟ ಮತ್ತು ಕಾಯಿಲೆಯದೇ ಜಾಸ್ತಿ. ಕಾರ್ಡಿನಲ್ಲಿ ಹಸಿರು ಅಂದರೆ ವಯಸ್ಸಿಗೆ ತಕ್ಕ ತೂಕ, ಹಳದಿ ಅಂದರೆ ಅದಕ್ಕಿಂತ ಕಮ್ಮಿ. ಆ ಬಣ್ಣಗಳನ್ನು ಬೇರ್ಪಡಿಸುವ ಗೆರೆಗಳು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಅಳತೆಯವು. ಅದಕ್ಕಾಗಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳ ಜೊತೆ ನಮ್ಮ ದೆಹಲಿಯ ಮಕ್ಕಳನ್ನೂ ಅಳೆದಿದ್ದರು. ಎದೆಹಾಲು, ಒಳ್ಳೆ ಊಟ, ಚೊಕ್ಕ ಮನೆ ಸಿಕ್ಕ ಮಕ್ಕಳು ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಥರ ಉದ್ದ ಬೆಳೆದರು. ಹಾಗಾಗಿ "ಅದೆಲ್ಲ ಫಾರಿನ್ ಮಕ್ಕಳ ಲೆಕ್ಕ" ಅನ್ನುವ ಅಜ್ಜಿಯರ ಮಾತೂ ನಿಲ್ಲುವುದಿಲ್ಲ.

ಹಾಗಂತ ಒಂದು ಸಲದ ತೂಕದ ಚುಕ್ಕಿ ನೋಡಿ ಗಾಬರಿಯಾಗಬೇಡಿ. ತಿಂಗಳ ತಿಂಗಳ ಚುಕ್ಕಿ ಸೇರಿಸಿದ ಮಗುವಿನ ಗೆರೆ ಎತ್ತ ಹೋಗುತ್ತಿದೆ ನೋಡಿ. ಎರಡು ಮೂರು ತಿಂಗಳಿಂದ ಏರದೆ ಮಟ್ಟವಾಗಿದ್ದರೆ, ಹಸಿರಲ್ಲೇ ಇದ್ದರೂ ವಿಚಾರಿಸಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಊಟದಲ್ಲಿ. ಗಂಜಿ ತಿಳಿ, ನೀರಾದ ರಾಗಿ ಸರಿ ಕೊಟ್ಟರೆ ಪುಟ್ಟ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೂ ಸುರಿಯದಷ್ಟು ಗಟ್ಟಿಯಿರಲಿ, ಮೇಲೆ ಒಂದು ಚಮಚ ತುಪ್ಪವೋ ಎಣ್ಣೆಯೋ ಬೀಳಲಿ, ಮೊಟ್ಟೆ ತಿನ್ನುವ ಮನೆಯಾದರೆ ದಿನಾ ಒಂದು. ದಿನಕ್ಕೆ ಮೂರು ನಾಲ್ಕು ಸಲ ಊಟ, ಮಧ್ಯೆ ಬಾಳೆಹಣ್ಣೋ ಏನೋ, ಜೊತೆಗೆ ಎರಡು ವರ್ಷ ತುಂಬುವವರೆಗೂ ಎದೆಹಾಲು. ಕಾಫಿ ತೋಟದ ಲೈನ್ ಮನೆಗಳಲ್ಲಿ ಬೆಳಗ್ಗೆ ಮಗುವಿಗೆ ಟೀ, ಬನ್ನು ಕೊಟ್ಟು ಕೆಲಸಕ್ಕೆ ಓಡುತ್ತಾರೆ. ಪಾಪ, ತಾಯಿಗೆ ಬೇರೆ ದಾರಿಯಿಲ್ಲ, ನಿಜ. ಆದರೆ ಟೀ ಹಸಿವು ಕೊಲ್ಲುತ್ತದೆ, ಊಟದ ಕಬ್ಬಿಣಾಂಶ ಮೈಗೆ ಸೇರಲೂ ಬಿಡುವುದಿಲ್ಲ. ಮತ್ತೆ ಅಂಗನವಾಡಿಯವರು ಮನೆಗೆ ಕೊಡುವ ಪುಡಿ ಮಗುವಿಗೆ ಅಂತಲೇ ಇರೋದು, ದಯವಿಟ್ಟು ಹಸುವಿನ ಕಲಗಚ್ಚಿಗೆ ಸುರಿಯಬೇಡಿ!

ಮಳೆಗಾಲದಲ್ಲಿ ಭೇದಿಯಾದರೆ ಓಆರ್‌ಎಸ್ ಕುಡಿಸಿ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ 14 ದಿನ ಮುಗಿಸಿ, ಊಟ ಮಾತ್ರ ನಿಲ್ಲಿಸಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಟ್ಟರೆ ಇಳಿದ ತೂಕ ವಾಪಸ್ ಬರುತ್ತದೆ.

ಆರು ತಿಂಗಳಿಂದ ಐದು ವರ್ಷದ ಮಕ್ಕಳ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ನೋಡುತ್ತಾರೆ. 11.5 ಸೆಂ.ಮೀ.ಗಿಂತ ಕಮ್ಮಿ ಬಂದರೆ, ಇಲ್ಲವೇ ಎರಡೂ ಪಾದ ಊದಿದ್ದರೆ ಮನೆಮದ್ದು ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಎನ್‌ಆರ್‌ಸಿ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಎಲ್ಲಿ ಅಂತ ಕೇಳಿ, ಇಂಥ ಮಕ್ಕಳಿಗೇ ಇರುವ ವಾರ್ಡ್ ಅದು. ಸುಮಾರು ಎರಡು ವಾರ ತಾಯಿಯೂ ಜೊತೆಗಿರಬೇಕು. ಕೂಲಿ ಹೋಗುತ್ತದೆ ಅಂತ ಹಿಂಜರಿಯುವವರೇ ಜಾಸ್ತಿ, ಆದರೆ ಅದಕ್ಕೂ ದಿನದ ಲೆಕ್ಕದಲ್ಲಿ ಹಣ ಕೊಡುವ ನಿಯಮವಿದೆ, ಸೇರಿಸುವಾಗಲೇ ಬ್ಯಾಂಕ್ ಪಾಸ್‌ಬುಕ್ ತೋರಿಸಿ ಕೇಳಿ.